ಕಾಗದದಲ್ಲಿ ಹತ್ತು ದಿನ ದೊಡ್ಡವನು: ಬೇಸಿಗೆ ಬೇಸ್‌ಬಾಲ್ ಲೀಗೊಂದರ ವಯೋಮಿತಿ ಪ್ರಕರಣ

ಮಕ್ಕಳ ಬೇಸ್‌ಬಾಲ್‌ನಲ್ಲಿ ವಯಸ್ಸಿನ ಜಗಳ ಅಂದರೆ ಹೆಚ್ಚಾಗಿ ಒಂದೇ ಬಗೆಯದು. ದೊಡ್ಡ ಹುಡುಗನನ್ನು ಕಾಗದದ ಮೇಲೆ ಚಿಕ್ಕವನನ್ನಾಗಿ ಮಾಡಿ ಆಡಿಸುತ್ತಾರೆ, ಎದುರು ತಂಡದವರು ಕಂಡುಹಿಡಿಯುತ್ತಾರೆ, ಗೆದ್ದ ಪಂದ್ಯಗಳು ರದ್ದಾಗುತ್ತವೆ. ಇಲ್ಲಿ ಬರೆಯುತ್ತಿರುವುದು ಅದಕ್ಕೆ ತದ್ವಿರುದ್ಧವಾದ ಸಂಗತಿ. ಹುಡುಗ ಕಾಗದದಲ್ಲಿ ದೊಡ್ಡವನು, ತಾಯಿಯ ಲೆಕ್ಕದಲ್ಲಿ ಚಿಕ್ಕವನು. ಮಿತಿ ಮೀರಿದ್ದು ಹತ್ತು ದಿನದಿಂದ. ಅಮೆರಿಕದಲ್ಲಿರುವ ನಮ್ಮ ಕಡೆಯ ಇನ್ನೂ ಹಲವು ಮನೆಗಳಿಗೆ ಇದೇ ತೊಡಕು ಬರಬಹುದು, ಮಕ್ಕಳ ಲೀಗ್ ನಡೆಸುವ ಸಮಿತಿಗಳಿಗೂ ಬರಬಹುದು. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಊರು, ಲೀಗ್, ಕುಟುಂಬ ಯಾವುದನ್ನೂ ಹೆಸರಿಸುವುದಿಲ್ಲ. ಹುಡುಗನನ್ನು ಕಿರಣ ಎಂದು ಕರೆಯುತ್ತೇನೆ; ಅದು ಅವನ ಹೆಸರಲ್ಲ.

ಹಿನ್ನೆಲೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ಮಧ್ಯಮ ಗಾತ್ರದ ಒಂದು ಊರು. ಶಾಲೆ ಮುಗಿದ ಜೂನ್ ಮೊದಲ ವಾರದಿಂದ ಜುಲೈ ಕೊನೆಯವರೆಗೆ ಊರಿನ ಉದ್ಯಾನ ಇಲಾಖೆಯ ಮೈದಾನಗಳಲ್ಲಿ ಮಕ್ಕಳ ಬೇಸ್‌ಬಾಲ್ ನಡೆಯುತ್ತದೆ. ನಡೆಸುವವರೆಲ್ಲ ಮಕ್ಕಳ ಅಪ್ಪ-ಅಮ್ಮಂದಿರೇ. ಊರೊಳಗಿನ ಪಂದ್ಯಗಳಿಗೆ ಲೀಗ್ ತನ್ನದೇ ನಿಯಮ ಮಾಡಿಕೊಂಡಿದೆ. ಜುಲೈ ಕೊನೆಗೆ ಪ್ರತಿ ವಯೋಗುಂಪಿನಿಂದ ಒಂದು ಆಯ್ದ ತಂಡ ಹೊರಗಿನ ಟೂರ್ನಿಗೆ ಹೋಗುತ್ತದೆ. ಅಲ್ಲಿ ಮಾತ್ರ ರಾಷ್ಟ್ರಮಟ್ಟದ ಸಂಸ್ಥೆಯೊಂದರ ನಿಯಮ. ಈ ಎರಡರ ನಡುವಿನ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಪ್ರಕರಣದ ಅರ್ಧ ಭಾಗ ಅದರ ಮೇಲೇ ನಿಂತಿದೆ. ಸಮಿತಿಯಲ್ಲಿ ನನ್ನದು ನೋಂದಣಿಯ ಕೆಲಸ. ಮಕ್ಕಳ ಜನನ ಪ್ರಮಾಣಪತ್ರ ನೋಡಿ ಯಾರು ಯಾವ ವಿಭಾಗಕ್ಕೆ ಎಂದು ಹಚ್ಚುವುದು.

ಬೇಸ್‌ಬಾಲ್‌ನಲ್ಲಿ ಮಗುವಿಗೆ ಎಷ್ಟು ವಯಸ್ಸು ಅನ್ನುವುದು ಹುಟ್ಟುಹಬ್ಬದಿಂದ ನಿರ್ಧಾರವಾಗುವುದಿಲ್ಲ, ಲೀಗ್ ಆರಿಸಿಕೊಂಡ ಒಂದು ದಿನಾಂಕದಿಂದ ನಿರ್ಧಾರವಾಗುತ್ತದೆ. ನಮ್ಮಲ್ಲಿ ಅದು ಏಪ್ರಿಲ್ 30. ಆ ದಿನ ಎಷ್ಟು ತುಂಬಿರುತ್ತದೋ ಇಡೀ ಬೇಸಿಗೆಗೆ ಅದೇ ವಯಸ್ಸು. ಈ ದಿನಾಂಕ ಆಕಾಶದಿಂದ ಬಿದ್ದದ್ದಲ್ಲ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಬಹುಕಾಲ ಜುಲೈ 31ನ್ನು ಇಟ್ಟುಕೊಂಡಿತ್ತು. 2006ರಲ್ಲಿ ಅದನ್ನು ಏಪ್ರಿಲ್ 30ಕ್ಕೆ ತಂದಿತು, 2018ರಲ್ಲಿ ಆಗಸ್ಟ್ 31ಕ್ಕೆ ಒಯ್ದಿತು. 1925ರಷ್ಟು ಹಿಂದೆ ಹುಟ್ಟಿದ, ಹದಿಹರೆಯದವರ ಅಮೆರಿಕನ್ ಲೀಜನ್ ಬೇಸ್‌ಬಾಲ್ ಜನವರಿ 1ರ ಲೆಕ್ಕ ಹಿಡಿಯುತ್ತದೆ, ಅದರ ಹಿರಿಯರ ವಿಭಾಗದಲ್ಲಿ 19 ವರ್ಷದವರೂ ಆಡಬಹುದು. ಜುಲೈಯಲ್ಲಿ ಹುಟ್ಟಿದ ಒಬ್ಬನೇ ಹುಡುಗ ಒಂದೇ ಬೇಸಿಗೆಯಲ್ಲಿ ಒಂದು ಲೀಗ್‌ನಲ್ಲಿ 14, ಪಕ್ಕದ ಲೀಗ್‌ನಲ್ಲಿ 15 ಆಗುವುದು ಹೀಗೆ.

ಗೆರೆ ಎಲ್ಲಿ ಎಳೆದರೂ ಅದರ ಈಚೆಯವನಿಗೆ ಅನುಕೂಲ, ಆಚೆಯವನಿಗೆ ಕಷ್ಟ. ಜುಲೈ 31ರ ಗೆರೆ ಇದ್ದ ಕಾಲದಲ್ಲಿ ಬೆಳೆದ ಅಮೆರಿಕನ್ ಮೇಜರ್ ಲೀಗ್ (ದೊಡ್ಡವರ ವೃತ್ತಿಪರ ಬೇಸ್‌ಬಾಲ್) ಆಟಗಾರರ ಜನ್ಮದಿನಗಳನ್ನು ಲೆಕ್ಕ ಹಾಕಿದವರು ಕಂಡದ್ದೇನೆಂದರೆ, ಆಗಸ್ಟ್‌ನಲ್ಲಿ ಹುಟ್ಟಿದವರು ಜುಲೈಯಲ್ಲಿ ಹುಟ್ಟಿದವರಿಗಿಂತ ಎದ್ದುಕಾಣುವಷ್ಟು ಹೆಚ್ಚು. ಎಂಟು ಹತ್ತು ವರ್ಷದಲ್ಲಿ ತನ್ನ ಗುಂಪಿನಲ್ಲಿ ದೊಡ್ಡವನಾಗಿದ್ದ ಹುಡುಗನಿಗೆ ಸಿಕ್ಕ ಅವಕಾಶ, ಕೋಚ್‌ನ ಗಮನ, ಹೆಚ್ಚಿನ ಪಂದ್ಯಗಳು ದೊಡ್ಡವನಾದ ಮೇಲೂ ಅವನ ಜೊತೆ ಬಂದಿರುತ್ತವೆ. ವಯಸ್ಸಿನ ಗೆರೆಯ ವಿಷಯದಲ್ಲಿ ಜನ ಇಷ್ಟು ಸಿಟ್ಟಾಗುವುದಕ್ಕೆ ಕಾರಣವಿದೆ ಎಂದು ನನಗೆ ಅನ್ನಿಸುವುದು ಇದರಿಂದಲೇ.

ನಮ್ಮಲ್ಲಿ 13-14ರ ವಿಭಾಗಕ್ಕೆ ಪಿಚರ್ (ಚೆಂಡು ಎಸೆಯುವವನು) ಮತ್ತು ಬ್ಯಾಟರ್ ನಡುವೆ 54 ಅಡಿ, ಓಡುವವನು ಮುಟ್ಟಬೇಕಾದ ಬೇಸ್‌ಗಳ ನಡುವೆ 80 ಅಡಿ. ಅದರ ಮೇಲಿನದು 15ರಿಂದ 18. ಅಲ್ಲಿ ದೊಡ್ಡವರ ಅಳತೆಯೇ: 60 ಅಡಿ 6 ಇಂಚು, 90 ಅಡಿ. ಮೇಲಿನ ವಿಭಾಗದಲ್ಲಿ ಹೈಸ್ಕೂಲು ತಂಡಕ್ಕೆ ಆಡುವ ಹುಡುಗರಿರುತ್ತಾರೆ, ಗಂಟೆಗೆ 80 ಮೈಲಿ ಅಂದರೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಎಸೆಯುವವರೂ ಇರುತ್ತಾರೆ. ಕ್ರಿಕೆಟ್ ಗೊತ್ತಿದ್ದವರಿಗೆ ಹೇಳುವುದಾದರೆ, ಅಷ್ಟು ವೇಗದ ಚೆಂಡು ನೆಲಕ್ಕೆ ಬೀಳದೆ, ನಮ್ಮ ಪಿಚ್‌ಗಿಂತ ಒಂದೂವರೆ ಮೀಟರ್‌ಗೂ ಹೆಚ್ಚು ಹತ್ತಿರದಿಂದ ಬರುತ್ತದೆ.

ತೊಡಕು

ಕಿರಣನ ಕುಟುಂಬ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಿಂದ ಆ ವರ್ಷದ ಚಳಿಗಾಲದಲ್ಲಿ ಬಂದದ್ದು. ಹುಡುಗನಿಗೆ ಬೇಸ್‌ಬಾಲ್ ಗೊತ್ತಿರಲಿಲ್ಲ, ಟೆನಿಸ್ ಬಾಲ್ ಕ್ರಿಕೆಟ್ ಚೆನ್ನಾಗಿ ಗೊತ್ತಿತ್ತು. ಎತ್ತರದ ಮೈಕಟ್ಟು, ಆಗಲೇ ಮೀಸೆಯ ಗೆರೆ. ಶಾಲೆಯಲ್ಲಿ ಒಬ್ಬಂಟಿಯಾಗಿದ್ದವನನ್ನು ಪಕ್ಕದ ಮನೆಯ ಹುಡುಗ ಕರೆದುಕೊಂಡು ಬಂದ. ಪಾಸ್‌ಪೋರ್ಟ್‌ನಲ್ಲಿ ಏಪ್ರಿಲ್ ಮೂರನೆಯ ವಾರದ ದಿನಾಂಕ. ಅಂದರೆ ಏಪ್ರಿಲ್ 30ಕ್ಕೆ ಹತ್ತು ದಿನ ಮೊದಲು 15 ತುಂಬಿತ್ತು. ನಿಯಮದಂತೆ ಅವನು ಮೇಲಿನ ವಿಭಾಗಕ್ಕೆ ಹೋದ.

ಅಲ್ಲಿ ನಿಲ್ಲಲಿಲ್ಲ. ಕೈಗವಸು ಎಡಗೈಯಲ್ಲಿದ್ದರೂ ಚೆಂಡು ಬಂದಾಗ ಬರಿಗೈಯೇ ಮುಂದೆ ಹೋಗುತ್ತಿತ್ತು. ಹೊಡೆದ ಮೇಲೆ ಬ್ಯಾಟ್ ಕೆಳಗಿಡದೆ ಹಿಡಿದುಕೊಂಡೇ ಓಡುತ್ತಿದ್ದ. ಕ್ರಿಕೆಟ್ ಆಡಿದವನಿಗೆ ಬ್ಯಾಟ್ ಬಿಟ್ಟು ಓಡು ಅಂದರೆ ಮೈ ಒಪ್ಪುವುದಿಲ್ಲ. ಒಂದು ಅಭ್ಯಾಸದಲ್ಲಿ ಒಳಕ್ಕೆ ಬಂದ ಚೆಂಡಿನಿಂದ ಹಿಂದೆ ಸರಿಯಲು ಗೊತ್ತಾಗದೆ ಮಣಿಕಟ್ಟಿಗೆ ಪೆಟ್ಟು ತಿಂದ. ಮೂಳೆ ಮುರಿದಿರಲಿಲ್ಲ. ಆದರೆ ಅದಾದ ಮೇಲೆ ಕೋಚ್ ಅವನನ್ನು ಬೆಂಚಿನಲ್ಲೇ ಕೂರಿಸತೊಡಗಿದರು, ಅವನು ಬರುವುದನ್ನು ನಿಲ್ಲಿಸಿದ. ಕೋಚ್ ನನಗೆ ನೇರವಾಗಿ ಹೇಳಿದರು: ಈ ಹುಡುಗ ಕೆಳಗಿನ ವಿಭಾಗದಲ್ಲಿ ಒಂದು ಬೇಸಿಗೆ ಆಡಿದರೆ ಆಟಗಾರನಾಗುತ್ತಾನೆ, ಇಲ್ಲಿದ್ದರೆ ಏಟು ತಿನ್ನುತ್ತಾನೆ.

ಆ ವಾರಾಂತ್ಯ ತಂದೆ ತಾಯಿ ಇಬ್ಬರೂ ಬಂದರು. ತಂದೆ ಹೇಳಿದ್ದು: "ಸರ್, ಅವನಿಗೆ ನಿಜವಾಗ್ಲೂ ಇನ್ನೂ ಹದಿನಾಲ್ಕೇ. ಒಂದನೇ ಕ್ಲಾಸಿಗೆ ಸೇರಿಸೋವಾಗ ಜೂನ್ ಹೊತ್ತಿಗೆ ವಯಸ್ಸು ಸಾಲಲ್ಲ ಅಂತ ಮೇಷ್ಟ್ರು ಏಪ್ರಿಲ್ ಅಂತ ಬರೆಸಿದ್ರು. ಆಮೇಲೆ ಎಲ್ಲ ಕಾಗದಾನೂ ಅದರ ಮೇಲೇ ಆಯ್ತು." ತಾಯಿಗೆ ಇಷ್ಟು ವಿವರಣೆಯೂ ಬೇಕಿರಲಿಲ್ಲ. "ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಹುಟ್ಟಿದ್ದು. ನಂಗೆ ಮರೆಯಕ್ಕಾಗತ್ತಾ?" ಅಂದರು. ಜೊತೆಗೆ ಲಸಿಕೆಯ ಕಾರ್ಡು ತಂದಿದ್ದರು. ಇಲ್ಲಿನ ಶಾಲೆ ಲಸಿಕೆಯ ದಾಖಲೆ ಕೇಳುತ್ತದೆಯಾದ್ದರಿಂದ ಊರಿಂದ ಜೋಪಾನವಾಗಿ ತಂದದ್ದು. ಅದರಲ್ಲಿ ಹುಟ್ಟಿದ ದಿನ ಆಗಸ್ಟ್‌ನದು. ಹುಟ್ಟಿದ ಕೂಡಲೇ ಕೊಡುವ ಬಿಸಿಜಿ ಮತ್ತು ಮೊದಲ ಪೋಲಿಯೋ ಹನಿಯ ತಾರೀಖೂ ಆಗಸ್ಟ್‌ನದೇ.

ನಮ್ಮಲ್ಲಿ ಓದಿದ ಯಾರಿಗೂ ಈ ಕಥೆ ಹೊಸದಲ್ಲ. ಶಾಲೆಯ ದಾಖಲೆಯ ಹುಟ್ಟುಹಬ್ಬ ಒಂದು, ಮನೆಯಲ್ಲಿ ಪಾಯಸ ಮಾಡುವ ಹುಟ್ಟುಹಬ್ಬ ಇನ್ನೊಂದು ಇರುವವರು ನಮ್ಮ ಹಿಂದಿನ ತಲೆಮಾರಿನಲ್ಲಿ ಮನೆಮನೆಗೂ ಇದ್ದರು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನನಗೆ ಆ ತಾಯಿಯ ಮಾತಿನಲ್ಲಿ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಸಮಿತಿಯ ಉಳಿದವರಿಗೆ ಇದು ಕೇಳರಿಯದ ವಿಷಯ. ಹುಟ್ಟಿದ ದಿನಾಂಕ ತಪ್ಪಾಗಿರುವುದು ಅಂದರೆ ಅವರಿಗೆ ಮೋಸ ಎಂದೇ ಅರ್ಥ.

ಸಮಿತಿಯ ಮುಂದೆ

ನಾನು ಮೊದಲು ಮಾಡಿದ್ದು ಮತದಾನದಿಂದ ಹಿಂದೆ ಸರಿದದ್ದು. ಒಂದೇ ಭಾಷೆಯ, ಒಂದೇ ನಾಡಿನ ಕುಟುಂಬ. ನನ್ನ ಮತದಿಂದ ಅವರಿಗೆ ಅನುಕೂಲವಾದರೆ ಆ ಅನುಕೂಲದ ಮೇಲೆ ಇಡೀ ಬೇಸಿಗೆ ಕಲೆ ಉಳಿಯುತ್ತಿತ್ತು. ವಿಷಯ ವಿವರಿಸುವುದಷ್ಟೇ ನನ್ನ ಪಾಲು ಎಂದು ಬರೆಸಿದೆ.

ಮೂರು ಅಭಿಪ್ರಾಯ ಬಂದವು. ಕಾರ್ಡನ್ನು ಒಪ್ಪಿ ಅವನನ್ನು 14 ಎಂದೇ ದಾಖಲಿಸೋಣ ಎಂದರು ಕೆಲವರು. ಪಾಸ್‌ಪೋರ್ಟ್ ಹೇಳಿದ್ದೇ ಕೊನೆ, ಹತ್ತು ದಿನವಾದರೂ ಮಿತಿ ಮಿತಿಯೇ ಎಂದರು ಕೆಲವರು. ಮೂರನೆಯದು, ವಯಸ್ಸು 15 ಎಂದೇ ಒಪ್ಪಿಕೊಂಡು, ಹೊಸಬ ಅನ್ನುವ ಕಾರಣಕ್ಕೆ ವಿನಾಯಿತಿ ಕೊಡುವುದು. ಯಾರೋ ಒಬ್ಬರು ಮೂಳೆಯ ಪರೀಕ್ಷೆ ಮಾಡಿಸಬಹುದಲ್ಲ ಎಂದೂ ಕೇಳಿದರು. ಅದು ನಮ್ಮ ದೇಶದಲ್ಲೇ ನಡೆಯುತ್ತದೆ: ಬಿಸಿಸಿಐ 2012ರಿಂದ 16 ವರ್ಷದೊಳಗಿನವರ ಕ್ರಿಕೆಟ್‌ಗೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯು3 ಪದ್ಧತಿಯನ್ನು ಬಳಸುತ್ತಿದೆ. ಆದರೆ ಆ ಎಕ್ಸ್‌ರೇ ಹೇಳುವುದು ಮೂಳೆ ಎಷ್ಟು ಬಲಿತಿದೆ ಎಂದು. ಬೇಗ ಬೆಳೆದ ಹುಡುಗನ ಮೂಳೆ ಅವನ ವಯಸ್ಸಿಗಿಂತ ಮುಂದಿರುತ್ತದೆ. ಏಪ್ರಿಲ್ಲೋ ಆಗಸ್ಟೋ ಎಂದು ತೀರ್ಮಾನಿಸುವಷ್ಟು ಸೂಕ್ಷ್ಮ ಅದರಲ್ಲಿಲ್ಲ. ಊರಿನ ಬೇಸಿಗೆ ಆಟಕ್ಕೆ ಮಗುವಿಗೆ ಎಕ್ಸ್‌ರೇ ಹಿಡಿಯುವ ಮಾತನ್ನು ಅಲ್ಲಿಗೇ ಬಿಟ್ಟೆವು.

ಮೊದಲ ಅಭಿಪ್ರಾಯ ಕೇಳಲು ಮಾನವೀಯವಾಗಿತ್ತು, ಬಹುಮತವೂ ಅತ್ತಲೇ ವಾಲುತ್ತಿತ್ತು. ಅದನ್ನು ತಡೆದದ್ದು ಸಮಿತಿಯಲ್ಲಿದ್ದ ಒಬ್ಬ ವಕೀಲೆಯ ಪ್ರಶ್ನೆ. ಪಾಸ್‌ಪೋರ್ಟ್‌ನ ದಿನಾಂಕ ತಪ್ಪು ಎಂದು ನಮ್ಮ ದಾಖಲೆಯಲ್ಲಿ ಬರೆದರೆ, ಆ ಹಾಳೆ ನಾಳೆ ಯಾರ ಕೈಗೆ ಸಿಗುತ್ತದೆ? ಕುಟುಂಬ ಗ್ರೀನ್ ಕಾರ್ಡಿನ ಸಾಲಿನಲ್ಲಿತ್ತು. ಮಗ 21 ದಾಟಿದರೆ ತಂದೆಯ ಅರ್ಜಿಯಿಂದ ಹೊರಬೀಳಬಹುದಾದ ವ್ಯವಸ್ಥೆಯಲ್ಲಿ ಹುಟ್ಟಿದ ದಿನಾಂಕದ ಬಗ್ಗೆ ಎರಡು ಕಾಗದ ಎರಡು ಮಾತಾಡುವುದು ಸಣ್ಣ ವಿಷಯವಲ್ಲ. ಒಂದು ಬೇಸಿಗೆಯ ಆಟಕ್ಕಾಗಿ ನಾವು ಅವರ ಬದುಕಿನ ಕಡತಕ್ಕೆ ಒಂದು ಅನುಮಾನವನ್ನು ಸೇರಿಸುತ್ತಿದ್ದೆವು, ಅದೂ ಸಹಾಯದ ಹೆಸರಿನಲ್ಲಿ.

ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಿರುವು ಇದೇ. ನಿಜವಾದ ವಯಸ್ಸು ಎಷ್ಟು ಎಂದು ತೀರ್ಮಾನಿಸುವ ಕೆಲಸಕ್ಕೆ ನಾವು ಕೈಹಾಕುವುದಿಲ್ಲ ಎಂದು ಸಮಿತಿ ನಿರ್ಧರಿಸಿತು. ಲಸಿಕೆ ಕಾರ್ಡನ್ನು ತಂದೆಗೆ ಹಿಂತಿರುಗಿಸಿದೆ. ನಕಲು ಇಟ್ಟುಕೊಳ್ಳಲಿಲ್ಲ, ಸಭೆಯ ಟಿಪ್ಪಣಿಯಲ್ಲಿ ಅದರ ಉಲ್ಲೇಖವೂ ಇಲ್ಲ. ದಿನಾಂಕ ಸರಿಪಡಿಸಬೇಕು ಅನಿಸಿದರೆ ಅದನ್ನು ಊರಿನಲ್ಲಿ, ಕಾನೂನಿನ ದಾರಿಯಲ್ಲಿ, ವಕೀಲರ ಸಲಹೆ ಪಡೆದು ಮಾಡಿ ಎಂದು ಹೇಳಿದೆ. ತಾಯಿಗೆ ಬೇಸರವಾಯಿತು. ತಾನು ಹೇಳಿದ್ದನ್ನು ನಂಬಲಿಲ್ಲ ಎಂದು ಅವರಿಗೆ ಅನ್ನಿಸಿತ್ತು. ನಂಬಿದ್ದೇನೆ, ಬರೆದಿಡುವುದಿಲ್ಲ ಅಷ್ಟೇ ಎಂದು ವಿವರಿಸಲು ಒಂದು ಸಂಜೆ ಬೇಕಾಯಿತು.

ವಿನಾಯಿತಿ

ಆಮೇಲಿನ ಪ್ರಶ್ನೆ ಸುಲಭವಾಯಿತು. ಕಾಗದದ ಪ್ರಕಾರ 15 ತುಂಬಿದ, ಎಂದೂ ಬೇಸ್‌ಬಾಲ್ ಆಡದ ಹುಡುಗನನ್ನು 13-14ರಲ್ಲಿ ಆಡಿಸಬಹುದೇ? ಹಾಗೆ ಕೇಳಿದಾಗ ವಯೋಮಿತಿ ಏನೇನನ್ನು ಕಾಯುತ್ತಿದೆ ಎಂದು ಬಿಡಿಸಿ ನೋಡಬೇಕಾಯಿತು. ಒಂದು, ಚಿಕ್ಕವರ ಮೈಗೆ ಪೆಟ್ಟಾಗದಂತೆ. ಎರಡು, ಗೆಲುವು ಬಲಿತವನ ಪಾಲಾಗದಂತೆ. ಮೂರು, ಚಿಕ್ಕವನೊಬ್ಬನ ಜಾಗವನ್ನು ದೊಡ್ಡವನು ಕಸಿಯದಂತೆ. ಮೂರಕ್ಕೂ ಬೇರೆಬೇರೆ ಉತ್ತರ ಬೇಕು. ಮೂರನೆಯದರ ಬಗ್ಗೆ ಆ ವರ್ಷ ಚಿಂತೆ ಇರಲಿಲ್ಲ, ವಿಭಾಗದಲ್ಲಿ ಎರಡು ತಂಡಗಳಿಗೆ ಆಟಗಾರರೇ ಸಾಲುತ್ತಿರಲಿಲ್ಲ. ಮೊದಲ ಎರಡಕ್ಕೆ ಷರತ್ತು ಬರೆದೆವು: ವಿನಾಯಿತಿ ಪಡೆದವನು ಪಿಚ್ ಮಾಡುವಂತಿಲ್ಲ, ಕಳೆದ ವರ್ಷ ಕೊನೆಗೆ ಬಂದ ತಂಡಕ್ಕೇ ಸೇರಬೇಕು, ಜುಲೈ ಕೊನೆಯ ಟೂರ್ನಿ ತಂಡಕ್ಕೆ ಅರ್ಹನಲ್ಲ, ಜೂನ್ ಕೊನೆಗೆ ಸಮಿತಿ ಮತ್ತೆ ಕೂತು ನೋಡುತ್ತದೆ. ಹೆಸರು ಹೇಳದೆ, ವಿಭಾಗದ ಎಲ್ಲ ಮನೆಗಳಿಗೂ ಷರತ್ತುಗಳನ್ನು ಮುಂಚಿತವಾಗಿ ಕಳಿಸಿದೆವು.

ಒಬ್ಬನಿಗೆ ಮಾಡಿದ ನಿಯಮ ಎಂದಾಗಬಾರದು ಎಂದು ಅರ್ಜಿಯನ್ನು ಎಲ್ಲರಿಗೂ ತೆರೆದೆವು. ಇನ್ನೆರಡು ಬಂದವು. ಒಂದು, ದೀರ್ಘ ಚಿಕಿತ್ಸೆ ಮುಗಿಸಿ ಎರಡು ವರ್ಷದ ಮೇಲೆ ಮೈದಾನಕ್ಕೆ ಮರಳುತ್ತಿದ್ದ ಹುಡುಗನದು. ಕೊಟ್ಟೆವು, ಅದರಲ್ಲಿ ಚರ್ಚೆಯೇ ಇರಲಿಲ್ಲ. ಇನ್ನೊಂದು, ವರ್ಷವಿಡೀ ಊರೂರು ಸುತ್ತಿ ಆಡುವ ತಂಡದಲ್ಲಿದ್ದ 15ರ ಹುಡುಗನದು. ಗೆಳೆಯರೆಲ್ಲ ಕೆಳಗಿನ ವಿಭಾಗದಲ್ಲಿದ್ದಾರೆ ಎಂದು ಅವನ ತಂದೆ ಬರೆದಿದ್ದರು. ಅವನ ಜನ್ಮದಿನವೂ ಏಪ್ರಿಲ್‌ನದೇ, ಕಿರಣನಿಗಿಂತ ಕೆಲವೇ ದಿನ ಹಿಂದೆ. ಕೊಡಲಿಲ್ಲ. ದಿನಗಳ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ, ಮೈದಾನದಲ್ಲಿ ಅಜಗಜಾಂತರ. ಆ ತಂದೆ ಬಹಳ ಸಿಟ್ಟಾದರು. ಹತ್ತು ದಿನದವನಿಗೆ ಕೊಟ್ಟು ಎರಡು ವಾರದವನಿಗೆ ಇಲ್ಲ ಅಂದರೆ ಇದೆಂಥ ನ್ಯಾಯ ಎಂದು ಕೇಳಿದರು. ದಿನ ಎಣಿಸಿ ಕೊಟ್ಟಿದ್ದರೆ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರುತ್ತಿರಲಿಲ್ಲ.

ಮೈದಾನದಲ್ಲಿ

ಮೊದಲ ಪಂದ್ಯಗಳು ನೋಡುವವರಿಗೆ ಸಪ್ಪೆ. ಕಿರಣನಿಗೆ ಬಲ ಮೈದಾನದ ಮೂಲೆ. ಎತ್ತರಕ್ಕೆ ಎದ್ದ ಚೆಂಡುಗಳನ್ನು ಹಿಡಿದ, ಬ್ಯಾಟಿಂಗ್‌ನಲ್ಲಿ ಮೂರು ಸ್ಟ್ರೈಕಿಗೆ, ಅಂದರೆ ಮೂರು ಸಲ ಚೆಂಡು ತಪ್ಪಿ ಔಟಾಗಿ, ವಾಪಸ್ಸು ಬಂದ. ಮೂರನೇ ವಾರದ ಹೊತ್ತಿಗೆ ಏನೋ ಕೂಡಿಬಂತು. ಮೊಣಕಾಲ ಮಟ್ಟಕ್ಕೆ ಬರುವ ಚೆಂಡು ಹೊಸ ಬೇಸ್‌ಬಾಲ್ ಆಟಗಾರರಿಗೆ ಕಷ್ಟ, ಕ್ರಿಕೆಟ್ ಆಡಿದವನಿಗೆ ಅದು ಫುಲ್ ಟಾಸ್. ಅಂಥವನ್ನು ಅವನು ನೇರವಾಗಿ, ನೆಲಕ್ಕೆ ಸಮನಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಬಾರಿಸತೊಡಗಿದ.

ಅದರ ಜೊತೆಗೇ ಗುಸುಗುಸು ಶುರುವಾಯಿತು. ಎದುರು ತಂಡದ ಯಾರೋ ಕಟ್ಟೆಯ ಮೇಲಿಂದ "ಅವನ ಬರ್ತ್ ಸರ್ಟಿಫಿಕೇಟ್ ತೋರಿಸಿ" ಎಂದು ಕೂಗಿದರು. ಹುಡುಗನಿಗೆ ಅದು ಕೇಳಿಸಿತು. ಅಂಪೈರ್ ಆಟ ನಿಲ್ಲಿಸಿ, ವಯಸ್ಸಿನ ಆಕ್ಷೇಪವನ್ನು ಕೋಚ್ ಮಾತ್ರ, ಪಂದ್ಯ ಮುಗಿದ ಮೇಲೆ, ಲೀಗಿಗೆ ಬರೆದು ಕೊಡಬೇಕು ಎಂಬ ನಿಯಮವನ್ನು ಗಟ್ಟಿಯಾಗಿ ಓದಿದರು. ಆ ನಿಯಮ ಮೊದಲಿಂದಲೂ ಇತ್ತು, ಯಾರೂ ಬಳಸಿರಲಿಲ್ಲ. ವಯಸ್ಸಿನ ವಿಷಯದಲ್ಲಿ ದೊಡ್ಡವರ ಸಿಟ್ಟು ಮಗುವಿನ ಕಿವಿಗೆ ಬೀಳದಂತೆ ಮಾಡುವುದು ನಿಯಮಾವಳಿಯ ಯಾವ ಕಲಮಿಗಿಂತಲೂ ಮುಖ್ಯ ಎಂದು ನಾನು ನಂಬುತ್ತೇನೆ. ಆ ಅಂಪೈರ್‌ಗೆ ಇಂದಿಗೂ ಋಣಿ.

ಜೂನ್ ಕೊನೆಯ ವಾರ ಕಿರಣ ಹೊಡೆದ ಚೆಂಡು 13 ವರ್ಷದ ಪಿಚರ್‌ನ ತೊಡೆಗೆ ಬಡಿಯಿತು. 54 ಅಡಿ ಅಂದರೆ ಹದಿನಾರೂವರೆ ಮೀಟರ್. ಎಸೆದ ರಭಸಕ್ಕೆ ಪಿಚರ್ ಒಂದು ಹೆಜ್ಜೆ ಮುಂದೆ ಬಂದಿರುತ್ತಾನೆ, ಹಾಗಾಗಿ ಉಳಿಯುವುದು ಸುಮಾರು 15 ಮೀಟರ್. ಕೈಗವಸು ಕೆಳಗೆ ತರುವಷ್ಟು ಹೊತ್ತೂ ಸಿಗಲಿಲ್ಲ. ಬಾವು ಬಂತು, ಮಂಜುಗಡ್ಡೆ ಇಟ್ಟರು, ಹುಡುಗ ನಡೆದುಕೊಂಡೇ ಹೊರಗೆ ಹೋದ. ಅದೇ ಚೆಂಡು ಎದೆಗೆ ಬಿದ್ದಿದ್ದರೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಹೊಳೆದಿತ್ತು. ತಪ್ಪಾದ ಕ್ಷಣದಲ್ಲಿ ಎದೆಗೆ ಬಿದ್ದ ಪೆಟ್ಟು ಹೃದಯದ ಲಯವನ್ನೇ ಕೆಡಿಸಬಲ್ಲದು. ಮಕ್ಕಳ ಬೇಸ್‌ಬಾಲ್‌ನಲ್ಲಿ ಅಂಥ ಸಾವುಗಳಾಗಿವೆ.

ಮರುದಿನ ಪಿಚರ್‌ನ ತಾಯಿ ಬರೆದರು. ಕಿರಣನನ್ನು ತೆಗೆಯಿರಿ ಎಂದು ಅವರು ಕೇಳಲಿಲ್ಲ. ಪಿಚಿಂಗ್ ಬೇಡ ಎಂದಿರಿ, ಬ್ಯಾಟಿಂಗ್ ಬಗ್ಗೆ ಯಾರು ಯೋಚಿಸಿದಿರಿ, ಎಂದು ಕೇಳಿದರು. ಈ ಪ್ರಕರಣದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ಅಪಾಯ ತೋಳಿನಿಂದ ಬರುತ್ತದೆ ಎಂದು ಎಲ್ಲರೂ ಎಣಿಸಿದ್ದರು, ಬಂದದ್ದು ಬ್ಯಾಟಿನಿಂದ.

ವಿಮರ್ಶೆಯ ಸಭೆಗೆ ಒಬ್ಬ ಹಳೆಯ ಕೋಚ್ ಎರಡು ಬ್ಯಾಟ್ ತಂದರು. ಈ ವಿಭಾಗದಲ್ಲಿ ಹಗುರವಾದ ಲೋಹದ ಬ್ಯಾಟುಗಳಿಗೆ ಅವಕಾಶವಿತ್ತು. ಉದ್ದದ ಇಂಚಿಗಿಂತ ತೂಕದ ಔನ್ಸ್ ಐದೋ ಎಂಟೋ ಕಡಿಮೆ ಇರುವಂಥವು. ಬೇಗ ಬೀಸಬಹುದು, ಚೆಂಡು ತಾಕಿದಾಗ ತಗಡು ಒಳಗೆ ಬಾಗಿ ಪುಟಿಸುತ್ತದೆ. ಹೈಸ್ಕೂಲಿನಲ್ಲಿ ಅಂಥವು ನಿಷಿದ್ಧ. 2012ರಿಂದ ಅಲ್ಲಿ ಲೋಹದ ಬ್ಯಾಟಾದರೆ ಬಿಬಿಸಿಒಆರ್ (ಬ್ಯಾಟಿನ ಪುಟಿತಕ್ಕೆ ಮಿತಿ ಹಾಕುವ ಮಾನದಂಡ) ಗುರುತಿನದೇ ಬೇಕು, ತೂಕದ ವ್ಯತ್ಯಾಸ ಮೂರಕ್ಕಿಂತ ಹೆಚ್ಚಿರಬಾರದು, ಪುಟಿತ ಹೆಚ್ಚುಕಡಿಮೆ ಮರದ ಬ್ಯಾಟಿನಷ್ಟೇ. ಆ ಕೋಚ್ ಹೇಳಿದ್ದು ಸರಳ: ಹುಡುಗನನ್ನು ಬದಲಿಸಬೇಡಿ, ಬ್ಯಾಟ್ ಬದಲಿಸಿ. ಅದೇ ರಾತ್ರಿ ಷರತ್ತು ತಿದ್ದಿದೆವು. ವಿನಾಯಿತಿಯಲ್ಲಿ ಆಡುವವರು ಬಿಬಿಸಿಒಆರ್ ಅಥವಾ ಮರದ ಬ್ಯಾಟನ್ನೇ ಬಳಸಬೇಕು. ಲೀಗಿನಿಂದಲೇ ಬ್ಯಾಟ್ ಕೊಟ್ಟೆವು.

ಸಭೆಯಲ್ಲಿ ಇನ್ನೊಂದು ಮಾತೂ ಬಂತು. ಅದೇ ವಿಭಾಗದಲ್ಲಿ ಕಿರಣನಿಗಿಂತ ದಪ್ಪ, ಎತ್ತರ, ಗಟ್ಟಿ ಹೊಡೆತದ 14ರ ಹುಡುಗರು ಇಬ್ಬರಿದ್ದರು. ಅವರ ಜನ್ಮದಿನ ಮೇಯಲ್ಲಿ, ಅವರಿಗೆ ಯಾವ ಷರತ್ತೂ ಇಲ್ಲ. ಅವರು ಹೊಡೆದ ಚೆಂಡು ಪಿಚರ್‌ಗೆ ಕಡಿಮೆ ನೋಯುತ್ತದೆಯೇ? ಆ ಬೇಸಿಗೆಯ ನಡುವೆ ಇಡೀ ವಿಭಾಗದ ಬ್ಯಾಟ್ ಬದಲಿಸುವುದು ಸಾಧ್ಯವಿರಲಿಲ್ಲ, ಎಷ್ಟೋ ಮನೆಯವರು ನೂರಾರು ಡಾಲರ್ ಕೊಟ್ಟು ಕೊಂಡಿದ್ದರು. ಮುಂದಿನ ವರ್ಷಕ್ಕೆ ಎಂದು ಬರೆದಿಟ್ಟೆವು.

ಹೊಸ ಬ್ಯಾಟ್ ಭಾರ ಅನ್ನಿಸಿ ಕಿರಣ ಒಂದು ವಾರ ಒದ್ದಾಡಿದ. ಆಮೇಲೆ ಹೊಡೆದ, ಮೊದಲಿನಷ್ಟು ದೂರ ಹೋಗಲಿಲ್ಲ. ಅವನ ತಂಡ ಆ ವರ್ಷ ಮಧ್ಯದಲ್ಲೆಲ್ಲೋ ಮುಗಿಸಿತು.

ಟೂರ್ನಿಯ ಆಸೆ

ಜುಲೈ ಮಧ್ಯದಲ್ಲಿ ಹೊಸ ಒತ್ತಡ ಬಂತು. ಟೂರ್ನಿ ತಂಡದ ಕೋಚ್‌ಗೆ ಹೊಡೆಯುವವನು ಬೇಕಿತ್ತು. ಲಸಿಕೆ ಕಾರ್ಡಿನ ಸುದ್ದಿ ಹೇಗೋ ಅವರಿಗೆ ಮುಟ್ಟಿತ್ತು. ಹುಡುಗ ನಿಜವಾಗಿ 14 ತಾನೆ, ಆ ಕಾರ್ಡನ್ನು ಟೂರ್ನಿಯವರಿಗೆ ಕಳಿಸೋಣ, ಮೋಸವೇನೂ ಅಲ್ಲವಲ್ಲ, ಎಂದು ನನ್ನ ಬಳಿ ಬಂದರು. ಕಿರಣನಿಗೂ ಆಸೆ ಹುಟ್ಟಿತ್ತು. ಗೆಳೆಯರೆಲ್ಲ ಹೋಗುವ ತಂಡ, ನೀಲಿ ಜೆರ್ಸಿ, ಎರಡು ರಾತ್ರಿ ಹೋಟೆಲು.

ಟೂರ್ನಿಯ ಜಗತ್ತು ಕಾಗದದ ವಿಷಯದಲ್ಲಿ ಯಾಕೆ ಇಷ್ಟು ಕಠಿಣ ಅನ್ನುವುದಕ್ಕೆ 2001ರ ಘಟನೆ ಗೊತ್ತಿರಬೇಕು. ಆ ವರ್ಷ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ತಂಡದ ಎಡಗೈ ಪಿಚರ್ ಡ್ಯಾನಿ ಆಲ್ಮೊಂಟೆ, ಎದುರು ತಂಡದ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪರಿಪೂರ್ಣ ಪಂದ್ಯ ಎಸೆದ. ಆ ಸರಣಿಯಲ್ಲಿ ಅಂಥದ್ದು ಬಲು ಅಪರೂಪ. ಕೆಲವೇ ದಿನಗಳಲ್ಲಿ ಡೊಮಿನಿಕನ್ ಗಣರಾಜ್ಯದ ದಾಖಲೆಗಳಿಂದ ತಿಳಿದದ್ದು, ಅವನು ಹುಟ್ಟಿದ್ದು 1989ರಲ್ಲಲ್ಲ, 1987ರ ಏಪ್ರಿಲ್‌ನಲ್ಲಿ ಎಂದು. 12ರ ಮಿತಿಯ ಆಟದಲ್ಲಿ 14ರ ಹುಡುಗ, ಅದೂ 46 ಅಡಿ ದೂರದಿಂದ ಎಸೆಯುತ್ತಿದ್ದವನು. ತಂಡದ ಗೆಲುವುಗಳೆಲ್ಲ ಅಳಿಸಿಹೋದವು. ಅವನ ತಂದೆಯನ್ನೂ ತಂಡದ ಸ್ಥಾಪಕರನ್ನೂ ಲಿಟಲ್ ಲೀಗ್‌ನಿಂದ ಆಜೀವ ಹೊರಗಿಟ್ಟರು. ಕಾಗದ ತಿದ್ದಿದ್ದು ದೊಡ್ಡವರು, ಆದರೆ ಇಂದಿಗೂ ಜನ ನೆನೆಯುವುದು ಹುಡುಗನ ಹೆಸರನ್ನೇ. ಆ ಹುಡುಗನಿಗಾದ ಅನ್ಯಾಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಕಿರಣನ ಕಾರ್ಡು ಟೂರ್ನಿಗೆ ಹೋಗಿದ್ದರೆ ಏನಾಗುತ್ತಿತ್ತು? ಎರಡು ದಿನಾಂಕವಿರುವ ಹುಡುಗ, ಅವುಗಳಲ್ಲಿ ಅನುಕೂಲವಾದದ್ದನ್ನು ಹಿಡಿದು ಬಂದಿದ್ದಾನೆ, ಎಂದಷ್ಟೇ ಹೊರಗಿನವರಿಗೆ ಕಾಣುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ಮಾತನ್ನು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ. ನಾನು ಕೋಚ್‌ಗೆ ಇಲ್ಲ ಎಂದೆ, ತಂದೆಗೆ ಫೋನ್ ಮಾಡಿ ಕಾರಣ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು ಹೇಳಿದರು: "ಪಾಸ್‌ಪೋರ್ಟಲ್ಲಿ ಏನಿದ್ಯೋ ಅದೇ ಇರ್ಲಿ ಸರ್. ಅವನಿಗೆ ನಾನೇ ಹೇಳ್ತೀನಿ." ಹೇಳಿದರು ಕೂಡ. ಹುಡುಗ ಎರಡು ದಿನ ಅಭ್ಯಾಸಕ್ಕೆ ಬರಲಿಲ್ಲ, ಮೂರನೇ ದಿನ ಬಂದ. ಟೂರ್ನಿ ತಂಡದ ಅಭ್ಯಾಸಕ್ಕೆ ಚೆಂಡು ಹೆಕ್ಕಿಕೊಡಲು ಬಂದದ್ದು ಅವನದೇ ನಿರ್ಧಾರ, ಯಾರೂ ಕರೆದಿರಲಿಲ್ಲ.

ನಂತರ

ಮುಂದಿನ ಬೇಸಿಗೆ ಕಿರಣ ಮೇಲಿನ ವಿಭಾಗದಲ್ಲಿ ಆಡಿದ. ಬಿಬಿಸಿಒಆರ್ ಬ್ಯಾಟ್ ಆಗಲೇ ಕೈಗೆ ಒಗ್ಗಿತ್ತು, ಒಳಕ್ಕೆ ಬಂದ ಚೆಂಡಿಗೆ ಭುಜ ತಿರುಗಿಸಿ ಬೆನ್ನು ಕೊಡುವುದೂ ಗೊತ್ತಿತ್ತು. ದೊಡ್ಡ ಹೊಡೆತಗಾರನಾಗಲಿಲ್ಲ. ನೆಚ್ಚಬಹುದಾದ ಫೀಲ್ಡರ್ ಆದ, ಬೇಸಿಗೆಯಿಡೀ ಬಿಡದೆ ಬಂದ.

ಲೀಗ್‌ನಲ್ಲಿ ಎರಡು ಸಂಗತಿ ಬದಲಾದವು. 13-14ರ ವಿಭಾಗದಲ್ಲಿ ಯಾರೇ ಆಡಲಿ, ಹಗುರದ ಬ್ಯಾಟ್ ಇಲ್ಲ. ಚಿಕ್ಕವರ ಮೈ ಕಾಯುವ ಕೆಲಸವನ್ನು ಹುಟ್ಟಿದ ದಿನಾಂಕದ ಹೆಗಲಿನಿಂದ ಇಳಿಸಿ ಬ್ಯಾಟಿನ ಮೇಲೆ, ದೂರದ ಮೇಲೆ ಹೊರಿಸಿದ್ದರಿಂದ ವಯಸ್ಸಿನ ಜಗಳಗಳ ಕಾವು ಇಳಿದದ್ದನ್ನು ಕಂಡಿದ್ದೇನೆ. ವಿನಾಯಿತಿಯ ಅರ್ಜಿಯಲ್ಲಿ ಹುಟ್ಟಿದ ದಿನಾಂಕದ ಬಗ್ಗೆ ವಿವರಣೆ ಬರೆಯುವ ಜಾಗವನ್ನೇ ತೆಗೆದುಹಾಕಿದೆವು. ಈಗ ಅಲ್ಲಿರುವ ಪ್ರಶ್ನೆಗಳು ಬೇರೆ: ಎಷ್ಟು ವರ್ಷ ಆಡಿದ್ದೀರಿ, ಎಲ್ಲಿ, ನಡುವೆ ನಿಂತದ್ದು ಯಾಕೆ, ಮೇಲಿನ ವಿಭಾಗದ ಕೋಚ್ ನಿಮ್ಮ ಆಟ ನೋಡಿದ್ದಾರೆಯೇ. ಕೊನೆಯ ಪ್ರಶ್ನೆ ಕಡ್ಡಾಯ. ಮೊದಲು ಮೇಲೆ ಆಡಿ ನೋಡದೆ ಕೆಳಗಿಳಿಯಲು ಅವಕಾಶವಿಲ್ಲ. ನೋಂದಣಿಯ ದಿನ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ಎರಡರಲ್ಲಿ ಒಂದನ್ನು ಮಾತ್ರ ನೋಡುತ್ತೇವೆ. ಬೇರೆ ಯಾವ ಕಾಗದ ತಂದರೂ ಕವರಿನಿಂದ ತೆಗೆಯದೆ ಒಯ್ಯಿರಿ ಎನ್ನುತ್ತೇವೆ.

ಬಗೆಹರಿಯದೆ ಉಳಿದದ್ದು 15ರಿಂದ 18ರ ವಿಭಾಗ. ನಾಲ್ಕು ವರ್ಷದ ಅಂತರ ಈ ವಯಸ್ಸಿನಲ್ಲಿ ಬಹಳ ದೊಡ್ಡದು; ಕಿರಣ ಮೊದಲ ವಾರದಲ್ಲೇ ಏಟು ತಿಂದದ್ದಕ್ಕೆ ಅವನ ಹೊಸತನದಷ್ಟೇ ಆ ಅಂತರವೂ ಕಾರಣ. 15-16ಕ್ಕೆ ಬೇರೆ ವಿಭಾಗ ಮಾಡಬೇಕೆಂದು ಸಮಿತಿ ಒಪ್ಪಿದೆ. ಅದಕ್ಕೆ ಕನಿಷ್ಠ ನಾಲ್ಕು ತಂಡ ಬೇಕು. ನಮ್ಮಲ್ಲಿ ಎರಡಕ್ಕೆ ಸಾಲುವಷ್ಟು ಹುಡುಗರಿದ್ದಾರೆ, ಪಕ್ಕದ ಊರಿನವರ ಜೊತೆ ಮಾತು ನಡೆಯುತ್ತಿದೆ. ಅವರ ಕಟ್‌ಆಫ್ ಆಗಸ್ಟ್ 31.